ಹಳೆ ಸೀರೆಯ ಮೊದಲ ಕೌದಿ: ಚೌಕಗಳನ್ನು ಮೊದಲೇ ಜೋಡಿಸಬೇಡಿ

ಮೊದಲ ಸಲ ಕೌದಿ (ಹಳೆ ಬಟ್ಟೆಯ ಪದರಗಳನ್ನು ಹೊಲಿದು ಮಾಡುವ ಹೊದಿಕೆ) ಹೊಲಿಯಲು ಹೊರಟ ನೀವು ಕೇಳಿದ್ದು ಇದು: ಅಜ್ಜಿಯ ಹತ್ತಿ ಸೀರೆಗಳು, 4 ಇಂಚಿನ 180 ಚೌಕ ಕತ್ತರಿಸಿ ಆಗಿದೆ, ಡಬಲ್ ಬೆಡ್ ಅಳತೆಯ ಕೌದಿ ಬೇಕು, ಜೋಡಿಸಲು ಮಷಿನ್ ಕೊಳ್ಳಬೇಕಾ, ಒಳಗೆ ಏನು ತುಂಬಬೇಕು? ಇದು ನಾವೆಲ್ಲ ಒಂದು ಕಾಲದಲ್ಲಿ ಹತ್ತಿದ ಬಸ್ಸೇ. ನನ್ನ ಉತ್ತರ: ಮಷಿನ್ ಬೇಡ, ಡಬಲ್ ಬೆಡ್ ಬೇಡ, ಮುಖ್ಯವಾಗಿ ಆ ಚೌಕಗಳನ್ನು ಒಂದಕ್ಕೊಂದು ಜೋಡಿಸುವುದೇ ಬೇಡ.

ಹೊಸಬರ ಕೌದಿ ಅರ್ಧಕ್ಕೇ ನಿಂತು ಅಟ್ಟ ಸೇರುವುದು ಈ ಜೋಡಣೆಯಿಂದಲೇ. ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. 4 ಇಂಚಿನ ಚೌಕಕ್ಕೆ ನಾಲ್ಕೂ ಕಡೆ ಕಾಲು ಇಂಚು ಹೊಲಿಗೆಗೆ ಬಿಟ್ಟರೆ ಉಳಿಯುವುದು ಮೂರೂವರೆ ಇಂಚು. 90 × 100 ಇಂಚಿನ ಹೊದಿಕೆಗೆ ಒಂದು ಸಾಲಿಗೆ 26 ಚೌಕ, ಅಂಥ 29 ಸಾಲು, ಒಟ್ಟು 754. ನಿಮ್ಮ ಹತ್ತಿರ 180 ಇದೆ. ಅದು ಹಾಗಿರಲಿ. 26 ಚೌಕಕ್ಕೆ 25 ಕೂಡುಹೊಲಿಗೆ. ಪ್ರತಿ ಹೊಲಿಗೆಯಲ್ಲಿ ಎರಡೂ ಕಡೆ 1 ಮಿಲಿಮೀಟರ್ ಹೆಚ್ಚು ಬಟ್ಟೆ ಒಳಗೆ ಹೋಯಿತು ಅಂದುಕೊಳ್ಳಿ. ಸೀಮೆಸುಣ್ಣದ ಗೆರೆಯ ದಪ್ಪದಷ್ಟು, ಕಣ್ಣಿಗೆ ಕಾಣುವುದೂ ಇಲ್ಲ. ಸಾಲಿನ ಕೊನೆಗೆ 50 ಮಿಲಿಮೀಟರ್, ಅಂದರೆ 2 ಇಂಚು ಗಿಡ್ಡ. ಮುಂದಿನ ಸಾಲಿನಲ್ಲಿ ಕೈ ಸಡಿಲವಾಗಿ, ಅದು 2 ಇಂಚು ಉದ್ದ ಬರುತ್ತದೆ. ಈಗ ಗಿಡ್ಡ ಸಾಲಿಗೆ ಉದ್ದ ಸಾಲು ಕೂಡಿಸಬೇಕು. ಎಳೆದು ಕೂಡಿಸುತ್ತೀರಿ. ಇಪ್ಪತ್ತು ವರ್ಷ ಉಟ್ಟು ಒಗೆದ ಹತ್ತಿ ಬಟ್ಟೆ ಎಳೆದಷ್ಟೂ ಬರುತ್ತದೆ, ಓರೆಯಾಗಿ ಕತ್ತರಿಸಿದ ತುಂಡಾದರೆ ಇನ್ನೂ ಹೆಚ್ಚು. ಹೀಗೆ ತಯಾರಾದ ಮೇಲ್ಪದರ ನೆಲದ ಮೇಲೆ ಹಾಸಿದರೆ ಮಟ್ಟವಾಗಿ ಕೂರುವುದಿಲ್ಲ, ಅಲ್ಲಲ್ಲಿ ಗುಬ್ಬಿ (ಉಬ್ಬು) ಏಳುತ್ತದೆ. ಅದನ್ನು ಕೆಳಗಿನ ಸೀರೆಗೆ ಸೇರಿಸಿ ಹೊಲಿಯುತ್ತ ಹೋದಂತೆ ಗುಬ್ಬಿ ಮುಂದೆ ಮುಂದೆ ಸರಿದು ಕೊನೆಗೆ ಒಂದೆಡೆ ಮಡಿಕೆಯಾಗಿ ಸಿಕ್ಕಿಕೊಳ್ಳುತ್ತದೆ. ಬಿಚ್ಚದೆ ಅದು ಹೋಗುವುದಿಲ್ಲ. ಬಿಚ್ಚಿದರೆ ಹಳೆ ಬಟ್ಟೆ ಹೊಲಿಗೆಯ ತೂತಿನ ಗುಂಟ ಹರಿಯುತ್ತದೆ.

ಈ ತಾಪತ್ರಯವೇ ಇಲ್ಲದ ಕ್ರಮ ನಮ್ಮಲ್ಲೇ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿ, ಅವರ ಮಾತಲ್ಲಿ ಕವಂದಿ. ಅಲ್ಲಿ ಮೇಲ್ಪದರ ಅಂತ ಬೇರೆ ತಯಾರಿಸುವುದಿಲ್ಲ. ಕೆಳಗೊಂದು ಇಡೀ ಸೀರೆ. ಅದರ ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುವುದು. ತುಂಡುಗಳನ್ನು ಸೂಜಿ ಅಲ್ಲಿಗೆ ಬಂದಾಗ ಮಾತ್ರ ಇಡುವುದು. ಜೋಡಿಸುವ ಹೊಲಿಗೆ, ಪದರ ಹಿಡಿಯುವ ಹೊಲಿಗೆ ಎರಡೂ ಒಂದೇ. ಬಟ್ಟೆ ಹೆಚ್ಚಾದರೆ ಒಳಗಡೆ ಇನ್ನೂ ಖಾಲಿ ಇರುವ ಕಡೆಗೆ ಸರಿಯುತ್ತದೆ, ಸಿಕ್ಕಿಕೊಳ್ಳಲು ಜಾಗವೇ ಇಲ್ಲ.

ಮೊದಲ ಕೌದಿ 36 × 44 ಇಂಚಿರಲಿ. ಮಗುವಿಗೆ ಹೊದೆಸಲು, ಮಡಿಲ ಮೇಲೆ ಹಾಕಿಕೊಳ್ಳಲು ಸಾಕು. ಅರ್ಧ ಇಂಚಿಗೊಂದು ಸಾಲು ಹಾಕಿದರೆ ಇಷ್ಟಕ್ಕೇ ಸುಮಾರು 80 ಮೀಟರ್ ಹೊಲಿಗೆ. ಡಬಲ್ ಬೆಡ್‌ಗೆ ಅದು 450 ಮೀಟರ್ ದಾಟುತ್ತದೆ. ನಿಮ್ಮ 180 ಚೌಕ ಈ ಸಣ್ಣ ಅಳತೆಗೆ ಹೆಚ್ಚುಕಡಿಮೆ ಸರಿಯಾಗುತ್ತವೆ, ದಂಡವಾಗುವುದಿಲ್ಲ.

ಬಟ್ಟೆ ಆರಿಸುವಾಗ ಎರಡು ಪರೀಕ್ಷೆ. ಅಂಚಿನಿಂದ ಒಂದು ಎಳೆ ತೆಗೆದು ಸುಟ್ಟು ನೋಡಿ: ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ, ಮುದುರಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ಪಕ್ಕಕ್ಕಿಡಿ, ಸೂಜಿಗೆ ಜಾರುತ್ತದೆ. ಎರಡನೆಯದು ಬಣ್ಣ. ಕೆಂಪು, ಕಡುನೀಲಿ, ಕಪ್ಪು ತುಂಡುಗಳ ಮೇಲೆ ಒದ್ದೆ ಬಿಳಿ ಬಟ್ಟೆ ಒತ್ತಿ ಹಿಡಿಯಿರಿ. ಬಣ್ಣ ಹತ್ತಿದರೆ ಇನ್ನೂ ಒಗೆಯಬೇಕು. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಇಳಕಲ್ ಸೀರೆ ಇದ್ದರೆ ಹತ್ತಿಯ ಒಡಲು ಮಾತ್ರ ಬಳಸಿ, ರೇಷ್ಮೆ ಸೆರಗು ಬೇರೆಯದಕ್ಕೆ ಇರಲಿ.

ಒಳಗೆ ತುಂಬಲು ಅಂಗಡಿಯ ವಾಡಿಂಗ್ (ಮೆತ್ತನೆಯ ಹಾಳೆ) ಬೇಕಿಲ್ಲ. ಒಂದು ಹಳೆ ಧೋತರದ ಪದರ ಸಾಕು. ಮೇಲಿನ ತುಂಡು, ಧೋತರ, ಕೆಳಗಿನ ಸೀರೆ, ಒಟ್ಟು ಮೂರು ಪದರ. ಇದು ಬೆರಳಿಗೆ ಬಗ್ಗುತ್ತದೆ. ಚಳಿಗೆ ಅಂತ ಐದಾರು ಪದರ ಪೇರಿಸಿದರೆ ಒಂದೊಂದು ಚುಚ್ಚನ್ನೂ ಬೇರೆ ಬೇರೆ ಎಳೆಯಬೇಕಾಗುತ್ತದೆ, ಹೊಸಬರ ಬೆರಳು ತಡೆಯುವುದಿಲ್ಲ.

ದಾರ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ದಾರ ಹಳೆ ಬಟ್ಟೆಗಿಂತ ಗಟ್ಟಿ, ಎಳೆದಾಟದಲ್ಲಿ ಬಟ್ಟೆಯನ್ನೇ ಕೊಯ್ಯಬಹುದು. ದಪ್ಪ ಬಿಳಿ ದಾರ ಸಿಗದಿದ್ದರೆ ಆಂಕರ್ ಕಸೂತಿ ದಾರದ 6 ಎಳೆಯನ್ನು ಸೀಳಿ 3 ಎಳೆ ಬಳಸಿ. 8 ಮೀಟರ್ ಲಡಿಯಿಂದ 16 ಮೀಟರ್ ಸಿಗುತ್ತದೆ. ಮೇಲೆ ಕೆಳಗೆ ಹೋಗಿಬರುವ ಬಟ್ಟೆಯ ದಪ್ಪ, ಗಂಟು, ಉಳಿಕೆ ಎಲ್ಲ ಸೇರಿ 8 ಲಡಿ ತನ್ನಿ. ಒಮ್ಮೆಗೆ 20 ಇಂಚಿಗಿಂತ ಉದ್ದ ಪೋಣಿಸಬೇಡಿ, ಸಿಕ್ಕಾಗುತ್ತದೆ. ಉದ್ದನೆಯ ಗಟ್ಟಿ ಸೂಜಿ, ನಡುಬೆರಳಿಗೆ ಅಂಗುಸ್ತಾನ (ಸೂಜಿ ಚುಚ್ಚದಂತೆ ಬೆರಳತುದಿಗೆ ಹಾಕುವ ಟೋಪಿ).

ಇನ್ನು ಹೊಲಿಗೆ. ಕೆಳಗಿನ ಸೀರೆಯನ್ನು 37 × 45 ಇಂಚಿಗೆ ಕತ್ತರಿಸಿ, ಬಟ್ಟೆಯ ಉಲ್ಟಾ ಬದಿ ಮೇಲೆ ಬರುವಂತೆ ನೆಲಕ್ಕೆ ಹಾಸಿ. ನಡುವೆ 36 × 44ರ ಧೋತರ. ನಾಲ್ಕು ಮೂಲೆಗೆ ತಂಬಿಗೆಯೋ ಪುಸ್ತಕವೋ ಭಾರವಿಟ್ಟು, ಸೀರೆಯ ಅರ್ಧ ಇಂಚನ್ನು ಧೋತರದ ಮೇಲೆ ಮಡಚಿ. ಗೇಣಿಗೊಂದು ಸಾಲಿನಂತೆ ಉದ್ದಕ್ಕೂ ಅಡ್ಡಕ್ಕೂ ಕಚ್ಚಾ ಹೊಲಿಗೆ ಹಾಕಿ. ಒಂದೊಂದು ಟಾಕು 2 ಇಂಚಿದ್ದರೂ ನಡೆಯುತ್ತದೆ, ಕೊನೆಗೆ ಬಿಚ್ಚುವುದೇ ತಾನೆ. ಇದನ್ನು ಮಂಚದ ಮೇಲೆ ಮಾಡಬೇಡಿ. ಹಾಸಿಗೆ ತಗ್ಗುತ್ತದೆ, ಪದರ ಸಡಿಲಾಗುತ್ತದೆ.

ಮೊದಲ ತುಂಡನ್ನು ಒಂದು ಮೂಲೆಯಲ್ಲಿಡಿ. ಹೊರಗಿನ ಎರಡು ಬದಿ ಅರ್ಧ ಇಂಚು ಒಳಕ್ಕೆ ಮಡಚಿ, ಕೆಳಗಿನ ಸೀರೆಯ ಮಡಿಕೆಗೆ ಸರಿಯಾಗಿ ಕೂಡಿಸಿ. ಅಂಚಿನಿಂದ ಕಾಲು ಇಂಚು ಒಳಗೆ ಓಡುಹೊಲಿಗೆ. ಬಲಗೈಯವರಾದರೆ ಬಲದಿಂದ ಎಡಕ್ಕೆ. ಸೂಜಿಗೆ ಮೂರು ನಾಲ್ಕು ಟಾಕು ಏರಿಸಿ, ದಾರ ಎಳೆದು, ಹೆಬ್ಬೆರಳಿನಿಂದ ಹೊಲಿದಷ್ಟನ್ನು ಹಿಂದಕ್ಕೆ ಸವರಿ ಬಿಡಿಸಿ. ಈ ಸವರುವುದನ್ನು ಮರೆತರೆ ಅಂಚು ಮುದುರಿ ಇಡೀ ಕೌದಿ ಬಟ್ಟಲಿನಂತೆ ಬಾಗುತ್ತದೆ. ತುಂಡು ಮುಗಿಯುವುದಕ್ಕೆ ಮುಕ್ಕಾಲು ಇಂಚು ಇರುವಾಗ ಮುಂದಿನದನ್ನು ಇಡಿ: ಹಳೆಯದರ ಹಸಿ (ಮಡಚದ) ಅಂಚು ಕೆಳಗೆ, ಹೊಸದರ ಮಡಚಿದ ಅಂಚು ಮೇಲೆ. ಒಳಬದಿ ಸದ್ಯಕ್ಕೆ ಹಸಿಯಾಗಿಯೇ ಇರಲಿ.

ಒಂದು ಸುತ್ತು ಮುಗಿದ ಮೇಲೆ ದಾರ ಕತ್ತರಿಸದೆ ಅರ್ಧ ಇಂಚು ಒಳಕ್ಕೆ ಸರಿದು ಎರಡನೇ ಸುತ್ತು. ಪ್ರತಿ ಬಾರಿ ಅಂಗೈಯಿಂದ ಬಟ್ಟೆಯನ್ನು ನಡುವಿನ ಕಡೆಗೆ ಸವರಿಕೊಳ್ಳಿ. ತುಂಡಿನ ಒಳ ಅಂಚಿಗೆ ಮುಕ್ಕಾಲು ಇಂಚು ಉಳಿದಾಗ ಎರಡನೇ ವರಸೆಯ ತುಂಡು, ಹೊರಬದಿ ಮಡಚಿ, ಅದರ ಮೇಲೆ. ಚೌಕಗಳು ಒಂದರ ಕೆಳಗೊಂದು ಸರಿಯಾಗಿ ಬರಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ, ಬಂದರೇ ನೋಡಲು ಬೇಸರ. ಕೊನೆಗೆ ನಡುವೆ ಉಳಿಯುವ ಕಿಂಡಿಗೆ ಅದರ ಅಳತೆಯ ತುಂಡು, ನಾಲ್ಕೂ ಬದಿ ಮಡಚಿ.

ಕವಂದಿಯ ಮೂಲೆಗಳಲ್ಲಿ ಕಾಣುವ ಫುಲಾ ಬೇಕಿದ್ದರೆ ಶುರುವಿನಲ್ಲೇ ನೆನಪಿರಬೇಕು. ಚೌಕವನ್ನು ಎರಡು ಸಲ ಮಡಚಿ ತ್ರಿಕೋನ ಮಾಡಿ, ಬೇರೆ ಬೇರೆ ಬಣ್ಣದ ಎರಡು ಮೂರು ತ್ರಿಕೋನ ಒಂದರ ಮೇಲೊಂದಿಟ್ಟು, ಮೊದಲ ಸುತ್ತಿನಲ್ಲೇ ಮೂಲೆಯ ಮಡಿಕೆಯೊಳಗೆ ಸಿಕ್ಕಿಸಿ ಹೊಲಿಯುವುದು. ಸಿದ್ದಿಗಳಲ್ಲಿ ಫುಲಾ ಇಲ್ಲದ ಕವಂದಿ ಮುಗಿದಿಲ್ಲ ಅಂತಲೇ ಲೆಕ್ಕ.

ಮಷಿನ್ ಯಾಕೆ ಬೇಡ ಅಂದೆನೆಂದರೆ, ಅದರ ಹಲ್ಲು ಕೆಳಗಿನ ಪದರವನ್ನು ಹಿಂದಕ್ಕೆ ಎಳೆಯುತ್ತದೆ, ಮೇಲಿನ ಪಾದ ಮೇಲಿನ ಪದರವನ್ನು ತಡೆಯುತ್ತದೆ. ಸವೆದ ಸೀರೆಯಲ್ಲಿ ಅದೇ ಗುಬ್ಬಿ ಮತ್ತೆ ಹಾಜರು. ಮಷಿನ್‌ಗೆಂದು ಇಟ್ಟ ದುಡ್ಡಲ್ಲಿ ಒಂದು ಒಳ್ಳೆಯ ಕತ್ತರಿ ತಗೊಳ್ಳಿ.

ಒಗೆಯುವಾಗ ತಣ್ಣೀರು, ಹಿಂಡಬೇಡಿ, ಒತ್ತಿ ನೀರು ತೆಗೆಯಿರಿ. ಒದ್ದೆ ಕೌದಿ ಭಾರ. ಒಂದೇ ತಂತಿಗೆ ಹಾಕಿದರೆ ಮಡಿಕೆಯ ಜಾಗದಲ್ಲಿ ಹೊಲಿಗೆ ಜಗ್ಗುತ್ತದೆ. ಪಕ್ಕಪಕ್ಕದ ಎರಡು ಮೂರು ತಂತಿಗಳ ಮೇಲೆ ಹರಡಿ ಒಣಗಿಸಿ.