ಅನ್ನ ಅರ್ಧ ಮಾಡಿದರೂ ತೂಕ ಇಳಿಯದಿದ್ದರೆ

ಎರಡು ತಿಂಗಳಿಂದ ಕುಚ್ಚಲಕ್ಕಿ ಅನ್ನ ಅರ್ಧ ಮಾಡಿದರೂ ತೂಕ ಇಳಿದಿಲ್ಲ ಅಂದರೆ, ಕಾರಣ ಬಹುಶಃ ತೆಂಗಿನಕಾಯಿ ಮತ್ತು ಎಣ್ಣೆ. ನಮ್ಮ ಕಾಸರಗೋಡಿನ ಅಡುಗೆಯಲ್ಲಿ ಅವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. 100 ಗ್ರಾಂ ಹಸಿ ಕಾಯಿತುರಿಯಲ್ಲಿ ಸುಮಾರು 350 ಕ್ಯಾಲೊರಿ, ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ 120. ಅನ್ನ ಕಡಿಮೆಯಾದಾಗ ಪಲ್ಯ, ಸುಕ್ಕ (ಕಾಯಿತುರಿ ಹಾಕಿದ ಒಣ ಮಸಾಲೆ ಪದಾರ್ಥ) ಜಾಸ್ತಿ ಬಡಿಸಿಕೊಳ್ಳುತ್ತೇವೆ. ನನಗೂ ಆದದ್ದು ಅದೇ.

ಮೊದಲು ವಾರದ ಎಣ್ಣೆಯನ್ನು ಬೇರೆ ಬಾಟಲಿಗೆ ಅಳೆದು ಹಾಕಿಡಿ. ಒಬ್ಬರಿಗೆ ದಿನಕ್ಕೆ ನಾಲ್ಕು ಸಣ್ಣ ಚಮಚ ಸಾಕು, ಬಂಗುಡೆ ಮೀನು ಹುರಿಯುವ ಕಾವಲಿಯದ್ದೂ ಅದರಲ್ಲೇ ಬರಬೇಕು. ಆಮೇಲೆ ಕಾಯಿ ಅರ್ಧ ಮಾಡಿ ನುಣ್ಣಗೆ ಅರೆಯಿರಿ, ಸಾರು ತೆಳ್ಳಗಾಗುವುದಿಲ್ಲ. ಅನ್ನ ಒಂದೇ ಸಲ ಬಡಿಸಿಕೊಳ್ಳಿ, ಹಸಿವಿದ್ದರೆ ಅಲಸಂಡೆ, ಹರಿವೆ ತಿನ್ನಿ. ಒಂದು ತಿಂಗಳಾದರೂ ಬದಲಾಗದಿದ್ದರೆ ಥೈರಾಯ್ಡ್ ತೊಂದರೆ ಇದ್ದರೂ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ.