ಫುಟ್‌ಬಾಲ್‌ನಲ್ಲಿ ಮುಂದೆ ನಿಂತು ಗೋಲು ಹೊಡೆಯುವ ಸ್ಟ್ರೈಕರ್ ವಯಸ್ಸಾದ ಮೇಲೆ ಮೈದಾನದ ನಡುಭಾಗಕ್ಕೆ, ಅಂದರೆ ಮಿಡ್‌ಫೀಲ್ಡ್‌ಗೆ ಬಂದರೆ ಓಟ ಕಡಿಮೆಯಾಗುತ್ತಾ?

ಇಲ್ಲ, ಓಟದ ಬಗೆ ಬದಲಾಗುತ್ತದೆ ಅಷ್ಟೇ. ಮುಂದೆ ಆಡುವಾಗ ಡಿಫೆಂಡರ್‌ನ ದಾಟಿ ಚಿಮ್ಮುವ ವೇಗ ಮುಖ್ಯ, ವಯಸ್ಸಾದಂತೆ ಕೈಕೊಡುವುದೂ ಅದೇ ಅಲ್ವಾ. ಹಿಂದೆ ಸರಿದರೆ ಚೆಂಡು ಜಾಸ್ತಿ ಸಿಗುತ್ತದೆ, ಆದರೆ ಎದುರಾಳಿಗಳು ನಾಲ್ಕೂ ಕಡೆ ಇರುತ್ತಾರೆ, ಹಾಗಾಗಿ ಚೆಂಡು ಕಾಲಿಗೆ ಬರುವ ಮೊದಲೇ ಕತ್ತು ತಿರುಗಿಸಿ ಹಿಂದೆ ಯಾರಿದ್ದಾರೆ ಅಂತ ನೋಡಿಕೊಳ್ಳಬೇಕು. 2016ರ ಯೂರೋ ಕಪ್‌ನಲ್ಲಿ, ಸ್ಟ್ರೈಕರ್ ಆಗಿ ಹೆಸರು ಮಾಡಿದ್ದ ವೇಯ್ನ್ ರೂನಿ 30ನೇ ವಯಸ್ಸಿಗೆ ಇಂಗ್ಲೆಂಡ್ ಪರ ಮಿಡ್‌ಫೀಲ್ಡ್‌ನಲ್ಲೇ ಆಡಿದರು. ಉದ್ದ ಪಾಸ್ ಕೊಡುವ ಕಲೆ ಅವರಲ್ಲಿ ಮೊದಲೇ ಇತ್ತು.

ಇಲ್ಲಿ ಗೋವಾದ ವಾಸ್ಕೋದಲ್ಲಿ ನಾವು ಕನ್ನಡದವರು ಭಾನುವಾರ ಆಡುತ್ತೇವೆ, ನಾನು 38ಕ್ಕೆ ಹಿಂದೆ ಬಂದೆ. ಚೆಂಡು ಕಳೆದ ತಕ್ಷಣ ಸುಮ್ನೆ ನಿಲ್ಲದೆ ಹಿಂದಕ್ಕೆ ಓಡಬೇಕು ಅನ್ನುವುದು ರೂಢಿಯಾಗಲು ಎರಡು ತಿಂಗಳು ಬೇಕಾಯ್ತು. ನೀವು ಮೊದಲು ಸ್ಟ್ರೈಕರ್‌ನ ಬೆನ್ನಿಗೇ ನಿಂತು ಆಡಿ, ಆಮೇಲೆ ಇನ್ನೂ ಕೆಳಗೆ ಇಳಿಯಿರಿ.