ನಾಲ್ಕು ವರ್ಷದ ಮೋಟರ್‌ಹೋಮ್‌ಗೆ ಎಷ್ಟು ಬೆಲೆ ಹೇಳಬೇಕು?

ಪ್ರಶ್ನೆ: ನಾವು ಟೆಕ್ಸಾಸ್‌ನ ಆಸ್ಟಿನ್ ಸಮೀಪ ನೆಲೆಸಿರುವ ಕನ್ನಡಿಗರು. 2021ರ ಬೇಸಿಗೆಯಲ್ಲಿ 28 ಅಡಿ ಉದ್ದದ, ಅಡುಗೆಮನೆ, ಹಾಸಿಗೆಗಳೆಲ್ಲ ಒಳಗೇ ಇರುವ, ಫೋರ್ಡ್ ಇ-450 ಚಾಸಿಯ (ತಳದ ಚೌಕಟ್ಟಿನ) ಕ್ಲಾಸ್ ಸಿ (ವ್ಯಾನಿನ ಮುಂಭಾಗವಿರುವ ಮಧ್ಯಮ ಗಾತ್ರದ) ಮೋಟರ್‌ಹೋಮೊಂದನ್ನು 96,000 ಡಾಲರ್ ಕೊಟ್ಟು ಹೊಸದಾಗಿ ಕೊಂಡೆವು. ನಾಲ್ಕು ವರ್ಷಗಳಲ್ಲಿ 31,000 ಮೈಲಿ ಓಡಿದೆ. ಸೌರಫಲಕ ಮತ್ತು ಲಿಥಿಯಂ ಬ್ಯಾಟರಿಗೆ ಮತ್ತೆ 7,000 ಡಾಲರ್ ಹಾಕಿದ್ದೇವೆ. ಮಕ್ಕಳು ಕಾಲೇಜು ಸೇರಿದ ಮೇಲೆ ಪ್ರವಾಸ ನಿಂತಿರುವುದರಿಂದ ಮಾರಲು ನಿರ್ಧರಿಸಿದ್ದೇವೆ. ಬ್ಯಾಂಕಿನ ಸಾಲ ಇನ್ನೂ 58,000 ಡಾಲರ್ ಬಾಕಿಯಿದೆ. ಡೀಲರ್ ಒಬ್ಬರು 44,000ಕ್ಕೆ ಕೇಳುತ್ತಿದ್ದಾರೆ. ನನ್ನ ಲೆಕ್ಕದಲ್ಲಿ 85,000 ಆದರೂ ಬರಬೇಕು. ನ್ಯಾಯವಾದ ಬೆಲೆ ಯಾವುದು?

ಉತ್ತರ: ಕೊಂಡ ಬೆಲೆ, ಮೇಲೆ ಹಾಕಿದ ಖರ್ಚು, ಉಳಿದಿರುವ ಸಾಲ ಇವು ಮೂರೂ ನಿಮ್ಮ ಮನೆಯ ಲೆಕ್ಕ, ಕೊಳ್ಳಲು ಬರುವವರಿಗೆ ಅವುಗಳ ಸಂಬಂಧವಿಲ್ಲ. ನೀವು ಹೇಳುತ್ತಿರುವ 85,000 ಆ ಮೂರರಿಂದಲೇ ಹುಟ್ಟಿದೆ ಎಂಬುದು ಪತ್ರದಿಂದ ತಿಳಿಯುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ಹಳೆಯ ವಾಹನ ಮಾರುವವರಿಗೂ ಒಪ್ಪುತ್ತದೆ, ಬೇಸರಿಸಬೇಡಿ. ಜೊತೆಗೆ, ನೀವು ಕೊಂಡ ವರ್ಷವೂ ದುಬಾರಿಯ ವರ್ಷ. ಕೋವಿಡ್ ಕಾಲದಲ್ಲಿ ವಿಮಾನ, ಹೋಟೆಲು ಬೇಡವೆಂದವರೆಲ್ಲ ಇಂಥ ವಾಹನಗಳತ್ತ ತಿರುಗಿದ್ದರಿಂದ 2021ರಲ್ಲಿ ಅಮೆರಿಕದ ತಯಾರಕರು ಮೋಟರ್‌ಹೋಮ್ ಮತ್ತು ಎಳೆದೊಯ್ಯುವ ಪ್ರವಾಸಿ ಮನೆಗಳು ಸೇರಿ 6 ಲಕ್ಷಕ್ಕೂ ಹೆಚ್ಚು ಆರ್‌ವಿಗಳನ್ನು ಡೀಲರ್‌ಗಳಿಗೆ ಕಳಿಸಿದರು. 2023ರ ಹೊತ್ತಿಗೆ ಆ ಸಂಖ್ಯೆ 3.13 ಲಕ್ಷದ ಆಸುಪಾಸಿಗೆ ಇಳಿದಿತ್ತು. ಆಗ ಕೊಂಡವರಲ್ಲಿ ಅನೇಕರು ಈಗ ನಿಮ್ಮಂತೆಯೇ ಮಾರಲು ನಿಂತಿದ್ದಾರೆ, ಸಾಲದ ಬಡ್ಡಿಯೂ ಅಂದಿನಷ್ಟು ಕಡಿಮೆಯಿಲ್ಲ.

ಡೀಲರ್ ಹೇಳಿದ 44,000 ಕೂಡ ಮಾರುಕಟ್ಟೆಯ ಬೆಲೆಯಲ್ಲ. ವಾಹನವನ್ನು ರಿಪೇರಿ ಮಾಡಿಸಿ, ತಿಂಗಳುಗಟ್ಟಲೆ ಅಂಗಳದಲ್ಲಿ ನಿಲ್ಲಿಸಿಕೊಂಡು, ಹೂಡಿದ ಹಣದ ಬಡ್ಡಿಯನ್ನೂ ಮಾರುವವನ ಕಮಿಷನ್ನನ್ನೂ ಭರಿಸಿ ಅದರ ಮೇಲೆ ಲಾಭ ಕಾಣಬೇಕಾದವರು ಕೊಡಬಲ್ಲ ಸಗಟು ಬೆಲೆ ಅದು. ಆ ಕೆಲಸವನ್ನೆಲ್ಲ ನೀವೇ ಮಾಡಲು ಸಿದ್ಧರಿದ್ದರೆ ನಡುವಿನ ಹಣದಲ್ಲಿ ದೊಡ್ಡ ಪಾಲು ನಿಮ್ಮದೇ.

ಮೊದಲು ಹಳೆಯ ವಾಹನಗಳ ಬೆಲೆ ಅಂದಾಜಿಸುವ ಜೆ.ಡಿ. ಪವರ್ ಕಂಪನಿಯ ಬೆಲೆಪಟ್ಟಿಯಲ್ಲಿ ನಿಮ್ಮ ಮಾದರಿಯನ್ನು ಹುಡುಕಿ. ಅದು ಚಿಲ್ಲರೆ ಮಾರಾಟದ ಕೆಳಮಟ್ಟ ಮತ್ತು ಸರಾಸರಿ ಎಂಬ ಎರಡು ಅಂಕಿಗಳನ್ನು ಕೊಡುತ್ತದೆ. ಅದನ್ನು ಬೇಲಿಯಂತೆ ಬಳಸಿ, ತೀರ್ಪಿನಂತೆ ಬೇಡ. ನಿಮ್ಮ ಚಾವಣಿ ಸೋರುತ್ತದೆಯೋ ಇಲ್ಲವೋ ಆ ಪಟ್ಟಿಗೆ ತಿಳಿಯದು. ನಂತರ ಅದೇ ಕಂಪನಿಯ, ಒಳಗಿನ ವಿನ್ಯಾಸವೂ ಅದೇ ಇರುವ, ಒಂದು ವರ್ಷ ಹಿಂದುಮುಂದಿನ ವಾಹನಗಳಲ್ಲಿ ಐನೂರು ಮೈಲಿಯೊಳಗೆ ಮಾರಾಟಕ್ಕಿರುವ ಎಂಟು ಹತ್ತನ್ನು ಬರೆದಿಟ್ಟುಕೊಳ್ಳಿ. ಬೆಲೆಯ ಪಕ್ಕದಲ್ಲಿ ಮಾರುವವರು ಡೀಲರೋ ಮಾಲೀಕರೋ, ಜಾಹೀರಾತು ಎಷ್ಟು ದಿನದಿಂದ ಇದೆ ಎಂಬುದೂ ಇರಲಿ. ಈ ಕೆಲಸಕ್ಕೆ ಮೂರು ವಾರ ಕೊಡಿ, ಏಕೆಂದರೆ ಕೇಳುವ ಬೆಲೆ ಎಲ್ಲರಿಗೂ ಕಾಣುತ್ತದೆ, ಮಾರಿದ ಬೆಲೆ ಕಾಣುವುದಿಲ್ಲ. ಯಾವ ಜಾಹೀರಾತು ಬೇಗ ಮಾಯವಾಯಿತು, ಯಾವುದು ಕದಲದೆ ಕೂತಿದೆ ಎಂಬುದರಿಂದಲೇ ಅದನ್ನು ಊಹಿಸಬೇಕು. ಉದಾಹರಣೆಗೆ, ನಿಮಗೆ ಸಿಕ್ಕ ಒಂಬತ್ತು ವಾಹನಗಳ ಬೆಲೆ 61,000ದಿಂದ 79,000ದವರೆಗೆ ಹರಡಿದೆ, ಮಾಲೀಕರೇ 61,000ದಿಂದ 66,000ಕ್ಕೆ ಇಟ್ಟಿದ್ದ ಮೂರು ಆ ಅವಧಿಯಲ್ಲೇ ಹೋದವು, 79,000ದ್ದು ನಾಲ್ಕು ತಿಂಗಳಿಂದ ಅಲ್ಲೇ ಇದೆ ಎಂದಿಟ್ಟುಕೊಳ್ಳಿ. ಆಗ ನಿಮ್ಮ ಬೆಲೆ ಆ ಮೂರರ ಪಕ್ಕದಲ್ಲಿರಬೇಕು. ಸಾಲ, ವಾರಂಟಿ, ಹಳೆಯದರ ವಿನಿಮಯ ಒದಗಿಸುವ ಡೀಲರ್‌ನ ಬೆಲೆಯನ್ನು ನೀವು ಕೇಳಲಾಗದು.

ಇನ್ನು ಸ್ಥಿತಿಗೆ ಬರೋಣ. ಮೋಟರ್‌ಹೋಮ್‌ನ ಬೆಲೆಯನ್ನು ಮೈಲಿಗಿಂತ ಹೆಚ್ಚಾಗಿ ಕೆಡಿಸುವುದು ನೀರು. ಕ್ಲಾಸ್ ಸಿ ವಾಹನದಲ್ಲಿ ಚಾಲಕನ ತಲೆಯ ಮೇಲೆ ಮುಂಚಾಚಿಕೊಂಡಿರುವ ಮಲಗುವ ಅಟ್ಟವೇ ಅದಕ್ಕೆ ಮೊದಲ ದಾರಿ. ಹಾಸಿಗೆಯನ್ನು ಪೂರ್ತಿ ತೆಗೆದು, ಎರಡೂ ಮುಂಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒಣಗಿದ ಹಲಗೆ ಗಟ್ಟಿಯಾಗಿ ಎದುರೊತ್ತುತ್ತದೆ. ನೀರು ಕುಡಿದ ಹಲಗೆ ನೆನೆದ ರಟ್ಟಿನಂತೆ ಒಳಸರಿಯುತ್ತದೆ, ಗೋಡೆಯ ಕಾಗದ ತುಸು ಕಂದಿರುತ್ತದೆ. ಹೊರಗೆ ಫೈಬರ್‌ಗ್ಲಾಸ್ ಗೋಡೆಯನ್ನು ಸಂಜೆಯ ಓರೆ ಬಿಸಿಲಿನಲ್ಲಿ ಉದ್ದಕ್ಕೆ ನೋಡಿದರೆ ಪದರ ಬಿಟ್ಟಿರುವ ಕಡೆ ಗುಳ್ಳೆ ಎದ್ದಂತೆ ಕಾಣುತ್ತದೆ. ಟೆಕ್ಸಾಸಿನ ಬಿಸಿಲಿಗೆ ಚಾವಣಿಯ ಕಿಂಡಿಗಳ ಸುತ್ತಲಿನ ಸೀಲೆಂಟ್ (ನೀರು ತಡೆಯುವ ಅಂಟು) ಬಿರುಕು ಬಿಡುವುದು ಸಾಮಾನ್ಯ, ಆಲಿಕಲ್ಲಿನ ಪೆಟ್ಟು ಬಿದ್ದಿದ್ದರೂ ಆಶ್ಚರ್ಯವಿಲ್ಲ. ಬರೀ ಸೀಲೆಂಟ್ ಆಗಿದ್ದರೆ ಒಂದು ಭಾನುವಾರದ ಕೆಲಸ; ಹಲಗೆ ಕೊಳೆತಿದ್ದರೆ ಮೇಲಿನ ಅಂಕಿಗಳನ್ನೆಲ್ಲ ಮರೆತು, ರಿಪೇರಿಯ ಅಂದಾಜು ಬರೆಸಿಕೊಂಡು ಅದನ್ನು ಕಳೆದೇ ಬೆಲೆ ಹೇಳಬೇಕು. ಮುಚ್ಚಿಟ್ಟು ಮಾರುವುದನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ, ಮೇಲಾಗಿ ಕೊಳ್ಳುವವರು ಈಗ ತೇವ ಅಳೆಯುವ ಮೀಟರ್ ಹಿಡಿದೇ ಬರುತ್ತಾರೆ.

ಟೈರ್‌ಗಳ ಗೆರೆ ಆಳವಾಗಿದೆ ಎಂದು ನಿಶ್ಚಿಂತರಾಗಬೇಡಿ. ಪಕ್ಕದಲ್ಲಿ ಅಚ್ಚಾಗಿರುವ ಸಂಕೇತದ ಕೊನೆಯ ನಾಲ್ಕು ಅಂಕಿ 4820 ಎಂದಿದ್ದರೆ ಅದು 2020ರ 48ನೆಯ ವಾರದ ಟೈರ್. ಇಂಥ ವಾಹನದಲ್ಲಿ ಟೈರ್ ಸವೆಯುವ ಮೊದಲೇ ಮುಪ್ಪಾಗುತ್ತದೆ. ಐದರಿಂದ ಏಳು ವರ್ಷಕ್ಕೆ ಬದಲಿಸುವುದು ವಾಡಿಕೆ. ಹಿಂದೆ ಜೋಡಿ ಚಕ್ರ ಇರುವುದರಿಂದ ಒಟ್ಟು ಆರು ಬೇಕು, ಆ ಖರ್ಚಿಗೆ 1,500 ಡಾಲರ್ ತೆಗೆದಿಡಿ. ಜನರೇಟರ್ ಎಷ್ಟು ಗಂಟೆ ಓಡಿದೆ ಎಂಬುದನ್ನು ಅದರ ಮೀಟರೇ ಹೇಳುತ್ತದೆ, ತೀರ ಕಡಿಮೆ ಓಡಿರುವುದೂ ಒಳ್ಳೆಯ ಲಕ್ಷಣವಲ್ಲ.

ಸೌರಫಲಕ ಮತ್ತು ಬ್ಯಾಟರಿಗೆ ಹಾಕಿದ 7,000ದಲ್ಲಿ 2,000 ಬಂದರೆ ಬಂತೆಂದುಕೊಳ್ಳಿ. ಇನ್ನೊಂದು ಮಾತು ಸಂಕೋಚದಿಂದಲೇ ಹೇಳುತ್ತೇನೆ: ನಾಲ್ಕು ವರ್ಷ ಒಳಗೆ ಹಾಕಿದ ಇಂಗಿನ ಒಗ್ಗರಣೆಯ ವಾಸನೆ ನಮಗೆ ಗೊತ್ತೇ ಆಗುವುದಿಲ್ಲ, ಬಾಗಿಲು ತೆರೆದ ಗ್ರಾಹಕರಿಗೆ ಮೊದಲು ಗೊತ್ತಾಗುವುದು ಅದೇ. ಪರದೆ, ಸೋಫಾ ಬಟ್ಟೆ, ಒಲೆಯ ಮೇಲಿನ ಫ್ಯಾನಿನ ಜಾಲರಿ ಇಷ್ಟನ್ನೂ ತೊಳೆಸಿದ ಮೇಲೆಯೇ ಫೋಟೋ ತೆಗೆಯಿರಿ.

ನೀರಿನ ತೊಂದರೆಯಿಲ್ಲದಿದ್ದರೆ, ಮೇಲಿನ ಉದಾಹರಣೆಯ ಮಾರುಕಟ್ಟೆಯಲ್ಲಿ ವ್ಯವಹಾರ 62,000ದಿಂದ 63,000ಕ್ಕೆ ಮುಗಿಯುವುದು ನ್ಯಾಯ. ಚೌಕಾಸಿಗೆ ಜಾಗವಿಟ್ಟು 64,900 ಎಂದು ಹಾಕಿ. 65,900 ಎಂದರೆ, ಹುಡುಕಾಟದಲ್ಲಿ 65,000ದ ಮಿತಿ ಹಾಕಿಕೊಂಡವರ ಕಣ್ಣಿಗೇ ನೀವು ಬೀಳುವುದಿಲ್ಲ. ಫೆಬ್ರವರಿಯಿಂದ ಮೇ ವರೆಗೆ ಬೇಡಿಕೆ ಹೆಚ್ಚು. ಮೂರು ವಾರ ಯಾರೂ ಕರೆ ಮಾಡದಿದ್ದರೆ ವಾರಕ್ಕೆ ಮುನ್ನೂರರಂತೆ ಎಳೆಯದೆ ಒಂದೇ ಸಲ ಎರಡು ಸಾವಿರ ಇಳಿಸಿ.

ಡೀಲರ್‌ಗೆ ಕೊಟ್ಟರೆ ಸಾಲ ತೀರಿಸಲು ಕೈಯಿಂದ 14,000 ಡಾಲರ್ ಹಾಕಬೇಕಾಗುತ್ತದೆ. ನೀವೇ ಮಾರಿದರೆ ಸಾಲ ತೀರಿ ನಾಲ್ಕೈದು ಸಾವಿರ ಉಳಿಯುತ್ತದೆ. ಆದರೆ ವಾಹನದ ಟೈಟಲ್ (ಒಡೆತನದ ಪತ್ರ) ಮೇಲೆ ಬ್ಯಾಂಕಿನ ಹಕ್ಕು ನಮೂದಾಗಿರುವ ಕಾರಣ ಅಪರಿಚಿತರು ನಿಮ್ಮ ಮಾತಿನ ಮೇಲೆ ಹಣ ಕೊಡಲು ಹಿಂಜರಿಯುವುದು ಸಹಜ. ಜಾಹೀರಾತು ಹಾಕುವ ಮುನ್ನವೇ ಬ್ಯಾಂಕಿನಿಂದ ಪೂರ್ತಿ ತೀರುವಳಿ ಮೊತ್ತದ ಪತ್ರವನ್ನು ತರಿಸಿಕೊಂಡು, ಹಣ ಪಾವತಿಯನ್ನು ಸಾಧ್ಯವಾದರೆ ಅವರ ಶಾಖೆಯಲ್ಲೇ ಇಟ್ಟುಕೊಳ್ಳಿ.